ಪಂದಿ ಕರಿಯನ್ನು ದೂರಿ ಸುಮ್ಮನಾಗಬೇಡಿ

ಮಾನ್ಯರೇ,

ನಾಪೋಕ್ಲಿನಿಂದ ಬರೆದ ನಿಮ್ಮ ಪತ್ರ ತಲುಪಿತು. 36ರ ಮೈದುನನಿಗೆ ಮಲದಲ್ಲಿ ರಕ್ತ ಕಂಡದ್ದು, ಮನೆಯವರೆಲ್ಲ ಮೂಲವ್ಯಾಧಿಯೆಂದು ತಿಂಗಳುಗಟ್ಟಲೆ ನಾಟಿ ಔಷಧ ಕೊಡಿಸಿದ್ದು, ಕೊನೆಗೆ ಮೈಸೂರಿನಲ್ಲಿ ಗುದನಾಳದ ಕ್ಯಾನ್ಸರ್ ಎಂದು ತಿಳಿದದ್ದು ಓದಿ ನೋವಾಯಿತು. ನೆಂಟರು ಪಂದಿ ಕರಿಯನ್ನು, ಅಂದರೆ ನಮ್ಮ ಕೊಡಗಿನ ಹಂದಿ ಮಾಂಸದ ಸಾರನ್ನು, ದೂರುತ್ತಿದ್ದಾರೆ, ಮನೆಯಲ್ಲಿ ಅದನ್ನು ನಿಲ್ಲಿಸಬೇಕೇ ಎಂದು ಕೇಳಿದ್ದೀರಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಾಸೇಜ್, ಬೇಕನ್‌ನಂಥ ಸಂಸ್ಕರಿತ ಮಾಂಸವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತು. ಹಂದಿ, ಕುರಿಯ ಕೆಂಪು ಮಾಂಸಕ್ಕೆ ಸಿಕ್ಕಿದ್ದು ಅದರ ಕೆಳಗಿನ ಗುಂಪು. ಮಿತಿ ಬೇಕು, ನಿಜ. ಆದರೆ ಕಾಚಂಪುಳಿಯ ಹುಳಿ ಹಾಕಿ ಪಂದಿ ಬೇಯಿಸುವುದು ಕೊಡಗಿನಲ್ಲಿ ಮೊನ್ನೆ ಶುರುವಾದದ್ದೇ? ಚಿಕ್ಕ ವಯಸ್ಸಿನವರಲ್ಲಿ ಈ ರೋಗದ ಏರಿಕೆ ಮಾತ್ರ ಹೊಸದು, ಅದೂ ಹಲವು ದೇಶಗಳಲ್ಲಿ. ಅಮೆರಿಕದಲ್ಲಿ 1950ರ ಸುಮಾರಿಗೆ ಹುಟ್ಟಿದವರಿಗೆ ಹೋಲಿಸಿದರೆ 1990ರ ಸುಮಾರಿಗೆ ಹುಟ್ಟಿದವರಿಗೆ ಗುದನಾಳದ ಕ್ಯಾನ್ಸರ್‌ನ ಅಪಾಯ 4 ಪಟ್ಟು. ಬೊಜ್ಜು, ಮದ್ಯ, ಕುಳಿತೇ ಕಳೆಯುವ ದಿನ, ಕರುಳಿನ ಬ್ಯಾಕ್ಟೀರಿಯಾ, ಎಲ್ಲದರ ಮೇಲೂ ಅನುಮಾನವಿದೆ. ಅಲ್ಲಿ 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು.

ನನಗೆ ಹೆಚ್ಚು ಕಳವಳವಾದದ್ದು ನಿಮ್ಮ ಪತ್ರದ ಕೊನೆಯ ಸಾಲಿನಿಂದ. 40ರ ನಿಮ್ಮ ಯಜಮಾನರು ‘ನನಗೇನೂ ಆಗಿಲ್ಲ, ಕಾಫಿ ಕೊಯ್ಲು ಮುಗಿಯಲಿ’ ಎನ್ನುತ್ತಿದ್ದಾರೆ. ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ, ಅದು ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು ಅಥವಾ 40ಕ್ಕೆ, ಯಾವುದು ಮೊದಲೋ ಆಗ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಬಿಟ್ಟು ಕರುಳಿನ ಒಳಭಾಗ ನೋಡುವ ಪರೀಕ್ಷೆ) ಮಾಡಿಸಬೇಕೆಂಬುದು ವೈದ್ಯರ ಸೂತ್ರ. ಲೆಕ್ಕ ಹಾಕಿ: 26! ಏನೂ ಆಗಿಲ್ಲ ಎನ್ನುವಾಗಲೇ ಮಾಡಿಸಬೇಕಾದ ಪರೀಕ್ಷೆ ಅದು. ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಪಾಲಿಪ್ ಎಂಬ ಪುಟ್ಟ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಕೊಳವೆ ಒಳಗಿರುವಾಗಲೇ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಭೇದಿ ಔಷಧ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳುವ ಹಿಂದಿನ ರಾತ್ರಿಯೇ ಪರೀಕ್ಷೆಗಿಂತ ಕಷ್ಟ ಎನ್ನುವವರು ಹೆಚ್ಚು. ನೀವು ರಕ್ತಸಂಬಂಧಿಯಲ್ಲ, ಲಕ್ಷಣಗಳಿಲ್ಲದಿದ್ದರೆ ನಿಮಗೆ ಈ ಅವಸರವಿಲ್ಲ.

ಇನ್ನು ಮೂಲವ್ಯಾಧಿಯ ವಿಚಾರ. ವೈದ್ಯರು ಕೈಗವಸು ತೊಟ್ಟು ಬೆರಳಿಟ್ಟು ನೋಡದೆ ಆ ಹೆಸರು ಹೇಳಿದರೆ ಯಾರೂ ಒಪ್ಪಬಾರದು. ಗುದನಾಳದ ಎಷ್ಟೋ ಗಡ್ಡೆಗಳು ಬೆರಳಿಗೇ ಸಿಗುತ್ತವೆ. ನಾಚಿಕೆ ರೋಗಿಗಷ್ಟೇ ಅಲ್ಲ, ಕೆಲವು ವೈದ್ಯರಿಗೂ ಇರುತ್ತದೆ.

ನಿಮ್ಮ ಯಜಮಾನರು ಹೋಗುವಾಗ ತಮ್ಮನ ಬಯಾಪ್ಸಿ ವರದಿಯ ಪ್ರತಿ ಒಯ್ಯಲಿ, ವಂಶವಾಹಿಯಲ್ಲಿ ಬಂದು ಈ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಲಿಂಚ್ ದೋಷದ ಬಗ್ಗೆ ಕೇಳಲಿ. ನಾದಿನಿಯರಿದ್ದರೆ ಅವರಿಗೂ ಇದೇ ಸೂತ್ರ. ಇವತ್ತೇ ಫೋನ್ ಮಾಡಿ ತಿಳಿಸಿ.

– ಸಂಪಾದಕ