ಕತ್ತರಿ ಬೀಳುವ ಜಾಗ, ಗಾಯ ಮಾಯುವ ಬಗೆ

ಓದುಗರ ಪತ್ರ: ‘ಕ್ರಿಸ್ಪರ್ ತಂತ್ರ ಬೆಳೆಯ ಜೀನನ್ನು ನಿಖರವಾಗಿ ತಿದ್ದುತ್ತದೆ ಎಂದು ಕಳೆದ ಸಂಚಿಕೆಯ ಲೇಖನದಲ್ಲಿ ಐದಾರು ಕಡೆ ಬರೆದಿದ್ದೀರಿ. ಕತ್ತರಿಸಿದ ಮೇಲೆ ಉಳಿದದ್ದನ್ನು ಜೀವಕೋಶವೇ ತನಗೆ ತೋಚಿದಂತೆ ಕೂಡಿಸಿಕೊಳ್ಳುತ್ತದೆ ಎಂದೂ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ನಿಖರತೆ ಎಲ್ಲಿ ಬಂತು? ಇನ್ನೊಂದು ಪ್ರಶ್ನೆ: ಕತ್ತರಿಯನ್ನು ಒಳಗೆ ಒಯ್ದ ಹೊರಗಿನ ಜೀನು ಗಿಡದಲ್ಲೇ ಉಳಿಯುವುದಿಲ್ಲವೇ? ಉಳಿದರೆ ಅದು ಕುಲಾಂತರಿಯೇ ಅಲ್ಲವೇ?’

ಮಾನ್ಯರೇ,

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆ ಲೇಖನವನ್ನು ಅಚ್ಚಿಗೆ ಕಳಿಸುವ ಮುನ್ನ ಕೊನೆಯದಾಗಿ ಓದಿದ್ದು ನಾನೇ. ‘ನಿಖರ’ ಎಂಬ ಪದದ ಹತ್ತಿರ ನಾನು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎಲ್ಲಿ ತಿದ್ದುತ್ತೇವೆ ಎಂಬುದು ಒಂದು, ಏನೆಂದು ತಿದ್ದುತ್ತೇವೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಪದಕ್ಕೆ ಕಟ್ಟಿಹಾಕಿದ್ದು ನಮ್ಮ ತಪ್ಪು.

ಜಾಗದ ಮಾತು ಮೊದಲು. ಕ್ರಿಸ್ಪರ್‌ನ ಕತ್ತರಿ ಎಂದರೆ ಕ್ಯಾಸ್9 ಎಂಬ ಪ್ರೊಟೀನು; ಅದಕ್ಕೆ ತಾನಾಗಿ ದಾರಿ ತಿಳಿಯದು. ಜೊತೆಗೆ ಹೋಗುವ ಗೈಡ್ ಆರ್‌ಎನ್‌ಎಯಲ್ಲಿ 20 ಅಕ್ಷರಗಳ ವಿಳಾಸವಿರುತ್ತದೆ. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆದ ಡಿಎನ್‌ಎಯಲ್ಲಿ ಅದಕ್ಕೆ ಹೊಂದುವ ಸಾಲು ಸಿಕ್ಕಿ, ಅದರ ಪಕ್ಕದಲ್ಲೇ ಎರಡು ‘ಜಿ’ ಇರುವ ಚಿಕ್ಕ ಗುರುತೂ ಇದ್ದರೆ ಕತ್ತರಿ ಆಡುತ್ತದೆ. ವಿಜ್ಞಾನಿಗಳಾದ ಶಾರ್ಪಾಂಟಿಯೆ ಮತ್ತು ಡೌಡ್ನಾ 2012ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. 2020ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನಾಲ್ಕೇ ಅಕ್ಷರಗಳಿಂದ 20 ಅಕ್ಷರದ ಸಾಲನ್ನು ಒಂದು ಲಕ್ಷ ಕೋಟಿಗೂ ಹೆಚ್ಚು ಬಗೆಯಲ್ಲಿ ಬರೆಯಬಹುದು. ಭತ್ತದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಸುಮಾರು 40 ಕೋಟಿ ಅಕ್ಷರದ್ದು. ಬರೀ ಲೆಕ್ಕ ನೋಡಿದರೆ ಒಂದೇ ಸಾಲು ಎರಡು ಕಡೆ ಸಿಗುವ ಸಂಭವ ಬಹಳ ಕಡಿಮೆ. ಆದರೆ ಜೀನೋಮ್ ಚೀಟಿ ಎತ್ತಿ ಬರೆದದ್ದಲ್ಲ. ಒಂದು ಜೀನನ್ನೇ ಹೋಲುವ ಅದರ ಅಣ್ಣತಮ್ಮಂದಿರು ಅಲ್ಲಲ್ಲಿ ಕೂತಿರುತ್ತಾರೆ, ಒಂದೆರಡು ಅಕ್ಷರ ಹೊಂದದಿದ್ದರೂ ಕ್ಯಾಸ್9 ಕೆಲವೊಮ್ಮೆ ಅಲ್ಲಿಯೂ ಕತ್ತರಿಸಿಬಿಡುತ್ತದೆ. ಗೈಡ್ ಆರಿಸುವಾಗಲೇ ಇದನ್ನೆಲ್ಲ ನೋಡಿಕೊಳ್ಳಬೇಕು.

ಇನ್ನು ಗಾಯ. ಎರಡೂ ಎಳೆ ತುಂಡಾದ ಡಿಎನ್‌ಎಯನ್ನು ಹಾಗೇ ಬಿಟ್ಟರೆ ಜೀವಕೋಶಕ್ಕೆ ಉಳಿಗಾಲವಿಲ್ಲ. ಅದು ಅವಸರವಸರವಾಗಿ ತುದಿಗಳನ್ನು ಹಿಡಿದು ಬೆಸೆಯುತ್ತದೆ. ಬೆಸೆಯುವಾಗ ಒಂದೆರಡು ಅಕ್ಷರ ಬಿದ್ದುಹೋಗಬಹುದು, ಒಂದು ಹೆಚ್ಚಿಗೆ ಸೇರಲೂಬಹುದು. ಒಂದೇ ಅಕ್ಷರ ತಾನೇ ಎನ್ನುವಂತಿಲ್ಲ, ಏಕೆಂದರೆ ಜೀವಕೋಶ ಜೀನಿನ ಬರಹವನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ‘ಗಿಡವು ಹಸಿರು ಎಲೆಯ ತಳೆದು ನಿಂತಿತು’ ಎಂಬ ಸಾಲಿನಿಂದ ‘ಡ’ ಒಂದನ್ನು ತೆಗೆದು ಮತ್ತೆ ಮೂರು ಮೂರಾಗಿ ಓದಿ ನೋಡಿ: ‘ಗಿವುಹ ಸಿರುಎ ಲೆಯತ ಳೆದುನಿಂ ತಿತು’. ಬಿದ್ದದ್ದು ಒಂದಕ್ಷರ, ಕೆಟ್ಟದ್ದು ಇಡೀ ಸಾಲು. ಯಾವ ಗಿಡದಲ್ಲಿ ಯಾವ ಅಕ್ಷರ ಬೀಳುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲಾಗದು. ಈ ಹಂತದಲ್ಲಿ ನಿಮ್ಮ ಮಾತೇ ಸರಿ: ಜಾಗ ನಿಖರ, ಫಲ ಅಲ್ಲ.

ಜೀನೊಂದನ್ನು ಕೆಡಿಸುವುದಷ್ಟೇ ಗುರಿಯಾಗಿದ್ದರೆ ಇಷ್ಟು ಸಾಕಾಗುತ್ತದೆ. ಗೋಧಿಯ ಬೂದಿ ರೋಗವನ್ನೇ ನೋಡಿ. ಎಂಎಲ್‌ಒ ಎಂಬ ಜೀನು ಸರಿಯಾಗಿದ್ದರೆ ಆ ರೋಗದ ಶಿಲೀಂಧ್ರಕ್ಕೆ ಎಲೆಯೊಳಗೆ ಹೊಗಲು ಅನುಕೂಲ. ಈ ಜೀನು ತಾನಾಗಿಯೇ ಕೆಟ್ಟ ಬಾರ್ಲಿ ಇಥಿಯೋಪಿಯಾದ ನಾಟಿ ತಳಿಗಳಲ್ಲಿ ಸಿಕ್ಕಿತ್ತು, ತಳಿಗಾರರು ಅದನ್ನು ದಶಕಗಳಿಂದ ಬಳಸುತ್ತಿದ್ದಾರೆ. ಗೋಧಿಗೆ ಆ ಭಾಗ್ಯವಿರಲಿಲ್ಲ. ಅದರಲ್ಲಿ ಮೂರು ಜೀನೋಮ್‌ಗಳು ಕೂಡಿರುವುದರಿಂದ ಈ ಜೀನಿಗೂ ಮೂರು ಪ್ರತಿ. ಮೂರೂ ಒಂದೇ ಗಿಡದಲ್ಲಿ ತಾವಾಗಿ ಕೆಡುವುದು ನಡೆಯದ ಮಾತು. 2014ರಲ್ಲಿ ಚೀನಾದ ಗಾವೊ ತ್ಸಾಯ್‌ಶಿಯಾ ಅವರ ತಂಡ ಟ್ಯಾಲೆನ್ ಎಂಬ, ಕ್ರಿಸ್ಪರ್‌ಗಿಂತ ಹಳೆಯ ಕತ್ತರಿಯಿಂದ ಮೂರನ್ನೂ ಕೆಡಿಸಿತು. ರೋಗ ದೂರವಾಯಿತು, ಆದರೆ ಗಿಡ ಕುಗ್ಗಿತು, ಇಳುವರಿ ಇಳಿಯಿತು. ಒಂದು ಬಗೆಯ ಗಿಡ ಮಾತ್ರ ರೋಗವನ್ನೂ ತಡೆದು ಸೊಂಪಾಗಿಯೂ ಬೆಳೆದಿತ್ತು. ಅದರ ಗುಟ್ಟು 2022ರಲ್ಲಿ ಪ್ರಕಟವಾಯಿತು: ಕತ್ತರಿ ಬಿದ್ದ ಒಂದು ಕಡೆ 3 ಲಕ್ಷಕ್ಕೂ ಹೆಚ್ಚು ಅಕ್ಷರಗಳ ತುಂಡೇ ಕಳೆದುಹೋಗಿತ್ತು. ಅದರಿಂದಾಗಿ ಪಕ್ಕದ ಇನ್ನೊಂದು ಜೀನು ಚುರುಕಾಗಿ ಬೆಳವಣಿಗೆಯ ಕೊರತೆಯನ್ನು ತುಂಬಿತ್ತು. ಅತಿ ಒರಟಾದ ಗಾಯವೇ ಅತಿ ಒಳ್ಳೆಯ ಗಿಡವನ್ನು ಕೊಟ್ಟಿತು. ಇದನ್ನು ಓದಿದ ಮೇಲೆ, ನಿಖರವಾದದ್ದೆಲ್ಲ ಒಳ್ಳೆಯದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಗಿಡವನ್ನು ಗುರುತಿಸಿದ್ದು ಸಾಲುಸಾಲು ಗಿಡಗಳನ್ನು ತಾಳ್ಮೆಯಿಂದ ನೋಡಿದ ಕಣ್ಣು.

ಕೆಡಿಸುವುದು ಸಾಲದು, ಇಂಥ ಅಕ್ಷರದ ಜಾಗದಲ್ಲಿ ಇಂಥದೇ ಅಕ್ಷರ ಬೇಕು ಎಂದಾಗ ದಾರಿ ಬೇರೆ. ಅಮೆರಿಕದ ವಿಜ್ಞಾನಿ ಡೇವಿಡ್ ಲಿಯು ಅವರ ಪ್ರಯೋಗಾಲಯ 2016ರಲ್ಲಿ ಬೇಸ್ ಎಡಿಟಿಂಗ್ ತಂದಿತು. ಇಲ್ಲಿ ಕ್ಯಾಸ್9ನ ಹಲ್ಲು ಅರ್ಧ ಮುರಿದಿರುತ್ತದೆ. ಎರಡೂ ಎಳೆ ಕತ್ತರಿಸುವ ಬದಲು ಒಂದಕ್ಕಷ್ಟೇ ಗೀರು ಹಾಕುತ್ತದೆ. ಬೆನ್ನಿಗೆ ಅಂಟಿಸಿದ ಕಿಣ್ವ ‘ಸಿ’ಯನ್ನು ರಾಸಾಯನಿಕವಾಗಿ ಬದಲಿಸುತ್ತದೆ, ಜೀವಕೋಶ ಅದನ್ನು ‘ಟಿ’ ಎಂದು ಓದಿಕೊಳ್ಳುತ್ತದೆ. ‘ಎ’ಯನ್ನು ‘ಜಿ’ ಮಾಡುವುದು ಇನ್ನೂ ಕಷ್ಟದ್ದು, ಏಕೆಂದರೆ ಡಿಎನ್‌ಎ ಮೇಲೆ ಆ ಕೆಲಸ ಮಾಡುವ ಕಿಣ್ವ ಪ್ರಕೃತಿಯಲ್ಲಿ ಸಿಕ್ಕಿರಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ಮೇಲೆ ಕೆಲಸ ಮಾಡುತ್ತಿದ್ದ ಕಿಣ್ವವೊಂದನ್ನು ಪ್ರಯೋಗಾಲಯದಲ್ಲಿ ಹಂತಹಂತವಾಗಿ ಪಳಗಿಸಿ 2017ರಲ್ಲಿ ಅದನ್ನೂ ಸಾಧಿಸಿದರು. 2019ರ ಪ್ರೈಮ್ ಎಡಿಟಿಂಗ್ ಇನ್ನೂ ಮುಂದಿನದು. ಗೈಡ್ ವಿಳಾಸದ ಜೊತೆಗೆ ಹೊಸ ಪಾಠವನ್ನೂ ಒಯ್ಯುತ್ತದೆ, ಜೊತೆಗಿರುವ ಕಿಣ್ವ ಆ ಪಾಠವನ್ನು ನೋಡಿ ಅಲ್ಲೇ ಡಿಎನ್‌ಎಯಲ್ಲಿ ಬರೆಯುತ್ತದೆ. ಮರುವರ್ಷವೇ ಅದು ಭತ್ತ ಮತ್ತು ಗೋಧಿಯಲ್ಲಿ ಕೆಲಸ ಮಾಡಿತು. ಆದರೆ ಗಿಡಗಳಲ್ಲಿ ಯಶಸ್ಸು ಜಾಗದಿಂದ ಜಾಗಕ್ಕೆ ಏರಿಳಿಯುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ ಇದೆ, ನಮ್ಮ ಲೇಖನ ಅದನ್ನು ಬಿಟ್ಟಿತ್ತು. 2019ರಲ್ಲಿ ಭತ್ತದ ಗಿಡಗಳ ಇಡೀ ಜೀನೋಮ್ ಓದಿ ನೋಡಿದಾಗ, ‘ಸಿ’ ಬದಲಿಸುವ ಆಗಿನ ಎಡಿಟರ್‌ಗಳು ಗೈಡ್‌ಗೆ ಸಂಬಂಧವೇ ಇಲ್ಲದ ಕಡೆಗಳಲ್ಲೂ ಅಕ್ಷರ ಬದಲಿಸಿದ್ದು ಕಂಡುಬಂತು. ‘ಎ’ ಬದಲಿಸುವ ಎಡಿಟರ್ ಹಾಗೆ ಮಾಡಿರಲಿಲ್ಲ. ಇದನ್ನು ಹುಡುಕಿ ತೆಗೆದದ್ದು ಈ ತಂತ್ರವನ್ನು ಬೆಳೆಸುತ್ತಿದ್ದ ಅದೇ ಗಾವೊ ಅವರ ತಂಡ ಎಂಬುದು ನನಗೆ ಭರವಸೆ ಕೊಡುವ ಸಂಗತಿ.

ಎರಡನೆಯ ಪ್ರಶ್ನೆಗೆ ಉತ್ತರ, ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹಂಚಿಹೋಗುವ ಮೆಂಡೆಲನ ಲೆಕ್ಕದಲ್ಲೇ ಇದೆ. ಕ್ಯಾಸ್9ನ ಜೀನನ್ನು ಸಾಮಾನ್ಯವಾಗಿ ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೂಲಕ ಒಳಗೆ ಕಳಿಸುತ್ತಾರೆ, ಅದು ಗಿಡದ ಡಿಎನ್‌ಎಯಲ್ಲಿ ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತದೆ. ಆ ಹೊತ್ತಿಗೆ ಗಿಡ ಕುಲಾಂತರಿಯೇ, ನಿಮ್ಮ ಅನುಮಾನ ಸುಳ್ಳಲ್ಲ. ಆದರೆ ತಿದ್ದಿದ ಜಾಗ ಬೇರೆ, ಕತ್ತರಿ ಸೇರಿಕೊಂಡ ಜಾಗ ಬೇರೆ. ಕತ್ತರಿ ಒಂದೇ ಕಡೆ ಸೇರಿದ್ದರೆ, ಸ್ವಕೀಯ ಪರಾಗಸ್ಪರ್ಶದಿಂದ ಬಂದ ಮುಂದಿನ ಪೀಳಿಗೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಸಸಿಗೆ ಅದು ಬರುವುದೇ ಇಲ್ಲ. ಅಂಥ ಸಸಿಗಳಲ್ಲಿ ತಿದ್ದುಪಡಿ ಉಳಿದದ್ದನ್ನು ಆರಿಸಿ, ಕತ್ತರಿಯ ಚೂರೂ ಉಳಿದಿಲ್ಲವೆಂದು ಡಿಎನ್‌ಎ ಓದಿ ಖಚಿತಪಡಿಸಿಕೊಳ್ಳುತ್ತಾರೆ. ಖಚಿತಪಡಿಸಿಕೊಳ್ಳದೆ ಹೊರಗೆ ಬಿಡಬಾರದು ಎಂಬುದರಲ್ಲಿ ನಿಮಗೂ ನನಗೂ ಭೇದವಿಲ್ಲ.

ಆಲೂಗಡ್ಡೆ, ಬಾಳೆಯಂಥ ಬೆಳೆಗಳಿಗೆ ಈ ಲೆಕ್ಕ ಒದಗುವುದಿಲ್ಲ. ಅವನ್ನು ಬೆಳೆಸುವುದು ಗೆಡ್ಡೆಯಿಂದ, ಕಂದಿನಿಂದ. ಬೀಜದ ಪೀಳಿಗೆ ತೆಗೆಯಹೋದರೆ ತಳಿಯ ಗುಣವೇ ಚದುರಿಹೋಗುತ್ತದೆ. ಅಲ್ಲಿ ಜೀನಿನ ಬದಲು ಕ್ಯಾಸ್9 ಪ್ರೊಟೀನನ್ನೇ ಗೈಡ್ ಜೊತೆ ಕಟ್ಟಿ ಗೋಡೆ ಕಳಚಿದ ಜೀವಕೋಶದೊಳಗೆ ಬಿಡುವ ವಿಧಾನವಿದೆ. ಕೆಲಸ ಮುಗಿಸಿದ ಮೇಲೆ ಪ್ರೊಟೀನು ಕರಗಿಹೋಗುತ್ತದೆ. ಅಂಥ ಒಂಟಿ ಜೀವಕೋಶದಿಂದ ಇಡೀ ಗಿಡವನ್ನು ಮತ್ತೆ ಎಬ್ಬಿಸುವುದು ಎಷ್ಟೋ ಬೆಳೆಗಳಲ್ಲಿ ಇನ್ನೂ ಕೈಗೂಡಿಲ್ಲ.

ಸಂಪಾದಕರು