ಡಾರ್ವಿನ್ನನ್ನು ಓದಿದರೆ ದೇವರನ್ನು ಬಿಡಬೇಕಾ?

ಮಧುಗಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರದು ಜೆರಾಕ್ಸ್ ಅಂಗಡಿ. ಊರಿನ ದೇವಸ್ಥಾನ ಸಮಿತಿಯಲ್ಲೂ ಇದ್ದಾರೆ, ಅದಕ್ಕೇ ಹೆಸರು ಹಾಕಬೇಡಿ ಎಂದಿದ್ದಾರೆ. ಮಗಳು ಬೆಂಗಳೂರಿನಿಂದ ತಂದುಕೊಟ್ಟ ಜೀವವಿಕಾಸದ ಎರಡು ಪುಸ್ತಕಗಳನ್ನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿ ಮುಗಿಸಿದರಂತೆ. ಮೊದಲನೆಯದು ತುಂಬಾ ಹಿಡಿಸಿತು. ಎರಡನೆಯದರಲ್ಲಿ ದೇವರನ್ನು ನಂಬುವವರೆಲ್ಲ ದಡ್ಡರು ಎನ್ನುವ ಧಾಟಿ. “ಈಗ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ಮನಸ್ಸು ಹಿಂದೆ ಮುಂದೆ ನೋಡುತ್ತೆ. ಡಾರ್ವಿನ್ ಹೇಳಿದ್ದು ನಿಜ ಆದ್ರೆ ದೇವರನ್ನು ಬಿಡಬೇಕಾ? ಇದೆಲ್ಲ ನಮ್ಮ ದಶಾವತಾರದಲ್ಲೇ ಇದೆ ಅಂತಾರೆ ಅರ್ಚಕರು, ಅದು ಸರೀನಾ? ಯಾರೂ ಕಣ್ಣಾರೆ ನೋಡದ್ದನ್ನು ಹೇಗೆ ಒಪ್ಪೋದು?” ಪತ್ರದ ತಿರುಳು ಇಷ್ಟು.

ಪ್ರಿಯರೇ,

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಣ್ಣಾರೆ ನೋಡಿದವರು ಇದ್ದಾರೆ.

ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ಎಂಬ ಜೀವವಿಜ್ಞಾನಿ ದಂಪತಿ 1973ರಿಂದ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳಲ್ಲಿ ಒಂದಾದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪಕ್ಕೆ ಹೋಗಿ ಫಿಂಚ್ ಹಕ್ಕಿಗಳನ್ನು ಹಿಡಿಯುತ್ತಿದ್ದರು. ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆದು, ಬರೆದುಕೊಂಡು ಬಿಟ್ಟುಬಿಡುತ್ತಿದ್ದರು. 1977ರಲ್ಲಿ ಅಲ್ಲಿ ಬರ ಬಿತ್ತು. ಬರ ಅಂದರೆ ಏನು ಅಂತ ಮಧುಗಿರಿ, ಪಾವಗಡದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸಣ್ಣ, ಮೆತ್ತನೆಯ ಬೀಜಗಳು ಬೇಗ ಮುಗಿದವು. ಉಳಿದದ್ದು ಹೆಚ್ಚಾಗಿ ಗಟ್ಟಿ ಬೀಜಗಳು. ಅದರಲ್ಲೊಂದು ಮುಳ್ಳುಕಾಯಿ. ನಮ್ಮ ಹೊಲದ ಬದುವಿನಲ್ಲಿ ಚಪ್ಪಲಿಗೆ ಕಚ್ಚಿಕೊಳ್ಳುತ್ತದಲ್ಲ ನೆಗ್ಗಿಲು ಮುಳ್ಳು, ಅದರ ಹತ್ತಿರದ ಸಂಬಂಧಿ! ಅದನ್ನು ಒಡೆಯೋಕೆ ದಪ್ಪ ಕೊಕ್ಕು ಬೇಕು. ದಪ್ಪ ಕೊಕ್ಕಿನವು ಜಾಸ್ತಿ ಬದುಕಿಕೊಂಡವು, ಸಣ್ಣ ಕೊಕ್ಕಿನವು ಜಾಸ್ತಿ ಸತ್ತವು. ಉಳಿದದ್ದಕ್ಕೂ ಸತ್ತದ್ದಕ್ಕೂ ಇದ್ದ ವ್ಯತ್ಯಾಸ ಅರ್ಧ ಮಿಲಿಮೀಟರಿನ ಆಸುಪಾಸು. ಮುಂದಿನ ತಲೆಮಾರಿನ ಮರಿಗಳ ಕೊಕ್ಕು ಸರಾಸರಿಯಲ್ಲಿ ದಪ್ಪಗಿತ್ತು. 1983ರ ಭಾರಿ ಮಳೆಯ ನಂತರ ಸಣ್ಣ ಬೀಜ ಹೇರಳವಾಯಿತು, ಸಣ್ಣ ಕೊಕ್ಕಿನವುಗಳ ಕಾಲ ಮತ್ತೆ ಬಂತು.

ಯಾವ ಹಕ್ಕಿಯೂ ಹಟ ಹಿಡಿದು ಕೊಕ್ಕು ಬೆಳೆಸಿಕೊಳ್ಳಲಿಲ್ಲ. ಇದ್ದವುಗಳಲ್ಲಿ ಯಾವುದು ಉಳಿಯಿತು, ಯಾವುದರ ಸಂತಾನ ಮುಂದುವರಿಯಿತು, ಅಷ್ಟೇ ಲೆಕ್ಕ. ಪುಸ್ತಕದ ಇಂಥ ಅಧ್ಯಾಯಗಳನ್ನು ಪೆನ್ಸಿಲ್ ಹಿಡಿದುಕೊಂಡು ಓದಿ. ನಿಜವಾದ ಸರಕು ಇರುವುದು ಅಲ್ಲೇ.

ಇಷ್ಟು ಚೂರು ಬದಲಾವಣೆಯಿಂದ ಹೊಸ ಜೀವಿ ಹುಟ್ಟೋದುಂಟಾ ಅನ್ನಿಸಬಹುದು. ಕಾಲ ಇದೆ, ಬೇಕಾದಷ್ಟಿದೆ. ನಿಮ್ಮೂರಿನ ಏಕಶಿಲಾ ಬೆಟ್ಟದ ಗ್ರಾನೈಟಿಗೇ ಸುಮಾರು 250 ಕೋಟಿ ವರ್ಷ. (ಅದರಲ್ಲಿ ಪಳೆಯುಳಿಕೆ ಹುಡುಕಲು ಹೋಗಬೇಡಿ, ಕರಗಿದ ಶಿಲೆ ಆರಿ ಆದ ಕಲ್ಲು ಅದು.) ಮನುಷ್ಯನ ಕವಲೂ ಚಿಂಪಾಂಜಿಯ ಕವಲೂ ಬೇರೆಯಾಗಿ 60–70 ಲಕ್ಷ ವರ್ಷ ಆಗಿದೆ ಅಷ್ಟೇ. ಪತ್ರದ ಅಂಚಿನಲ್ಲಿ ಬೇರೆ ಇಂಕಿನಲ್ಲಿ “ಹಾಗಾದ್ರೆ ಕೋತಿಗಳು ಇನ್ನೂ ಯಾಕಿವೆ?” ಅಂತಲೂ ಗೀಚಿದ್ದೀರಿ. ನಿಮ್ಮ ಚಿಕ್ಕಪ್ಪನ ಮಕ್ಕಳು ಇನ್ನೂ ಯಾಕಿದ್ದಾರೆ ಅಂತ ಯಾರೂ ಕೇಳುವುದಿಲ್ಲ ಅಲ್ವಾ? ನೀವು ಅವರಿಗೆ ಹುಟ್ಟಿದವರಲ್ಲ, ತಾತ ಒಬ್ಬನೇ. ಇಲ್ಲೂ ಹಾಗೇ.

ದಶಾವತಾರದ ವಿಷಯ. ಮೀನು, ಆಮೆ, ಹಂದಿ ಅಂತ ಸಾಲಾಗಿ ಹೇಳಿದಾಗ ಕೇಳೋಕೆ ಚೆನ್ನಾಗಿರುತ್ತದೆ, ನಿಜ. ಆದರೆ ಅದನ್ನು ಜೀವವಿಕಾಸದ ಜೊತೆ ಜೋಡಿಸಿ ಹೇಳಲು ಶುರು ಮಾಡಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಉತ್ತರ ಬಂದ ಮೇಲೆ ನಮಗೆ ಮೊದಲೇ ಗೊತ್ತಿತ್ತು ಅನ್ನೋದರಲ್ಲಿ ಏನು ಹೆಚ್ಚುಗಾರಿಕೆ? ಅಲ್ಲದೆ ಕೂರ್ಮನ ವಂಶದಲ್ಲಿ ವರಾಹ ಹುಟ್ಟಲಿಲ್ಲ. ಪ್ರತಿ ಸಲವೂ ಭಗವಂತನೇ ಬೇಕಾದ ರೂಪದಲ್ಲಿ ಇಳಿದು ಬಂದ. ಅದು ಬೇರೆಯೇ ಕಥೆ, ಹರಿಕಥೆಯಲ್ಲಿ ಕೇಳಿದರೆ ಮೈ ಜುಂ ಅನ್ನುವ ಕಥೆ. ಅದಕ್ಕೆ ಡಾರ್ವಿನ್ನನ ಸರ್ಟಿಫಿಕೇಟ್ ಸುಮ್ನೆ ಯಾಕೆ?

ಇನ್ನು ನಿಮ್ಮನ್ನು ಕಾಡಿದ ಎರಡನೆಯ ಪುಸ್ತಕ. ಆ ಲೇಖಕರ ಸಿಟ್ಟು ಎಲ್ಲಿಂದ ಬಂತು ಅಂತ ತಿಳಿದುಕೊಂಡು ಓದಬೇಕು. ಅವರು ಜಗಳ ಆಡುತ್ತಿರುವುದು ಬೈಬಲ್ ಹೇಳುವಂತೆ ಆರೇ ದಿನದಲ್ಲಿ ಜಗತ್ತು ಸೃಷ್ಟಿಯಾಯಿತು ಎಂದು ಅಕ್ಷರಶಃ ನಂಬುವವರ ಜೊತೆ. 17ನೇ ಶತಮಾನದಲ್ಲಿ ಅಷರ್ ಎಂಬ ಐರ್ಲೆಂಡಿನ ಆರ್ಚ್‌ಬಿಷಪ್ ಒಬ್ಬರು ಲೆಕ್ಕ ಹಾಕಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದಿದ್ದರು. 1925ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಜೀವವಿಕಾಸ ಪಾಠ ಮಾಡಿದ ಅಂತ ಒಬ್ಬ ಮೇಷ್ಟ್ರ ಮೇಲೆ ಕೇಸು ನಡೆದು ದಂಡ ಬಿತ್ತು. ಇಂಥದ್ದನ್ನೆಲ್ಲ ಕಂಡ ಸಮಾಜದವರು ಸಿಟ್ಟಿನಿಂದ ಬರೆದರೆ ಆಶ್ಚರ್ಯ ಇಲ್ಲ. ನಮ್ಮಲ್ಲಿ ಬ್ರಹ್ಮನ ಒಂದು ಹಗಲಿಗೇ 432 ಕೋಟಿ ವರ್ಷ. ಭೂಮಿಯ ವಯಸ್ಸಿನ ಬಗ್ಗೆ ನಿಮ್ಮ ಅರ್ಚಕರಿಗೂ ಭೂವಿಜ್ಞಾನಿಗೂ ಹೊಡೆದಾಟ ಆಗುವುದಿಲ್ಲ.

ಡಾರ್ವಿನ್ನನಿಗೂ ನಿಮ್ಮಂಥವರು ಪತ್ರ ಬರೆಯುತ್ತಿದ್ದರು. 1879ರಲ್ಲಿ ಒಬ್ಬರಿಗೆ ಉತ್ತರಿಸುತ್ತಾ, ಗಾಢವಾಗಿ ದೇವರನ್ನು ನಂಬುವವನು ಜೀವವಿಕಾಸವನ್ನೂ ಒಪ್ಪಬಹುದು, ಅದರಲ್ಲಿ ಅನುಮಾನ ಬೇಡ ಎಂಬ ಅರ್ಥದಲ್ಲಿ ಬರೆದ. ತಾನು ಮಾತ್ರ ಅಜ್ಞೇಯವಾದಿ, ಅಂದರೆ ದೇವರು ಇದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು, ಎಂದ. ಪಾದ್ರಿಯಾಗಲು ಓದಿದ್ದ, ಹತ್ತು ವರ್ಷದ ಮಗಳನ್ನು ಕಳೆದುಕೊಂಡಿದ್ದ, ದೈವಭಕ್ತೆ ಹೆಂಡತಿಯ ಜೊತೆ ಕೊನೆವರೆಗೂ ಬಾಳಿದ ಮನುಷ್ಯನ ಮಾತು ಇದು. ಎರಡನೆಯ ಪುಸ್ತಕದ ಲೇಖಕರಿಗಿಂತ ಅವನ ಮಾತಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಊದುಬತ್ತಿ ಹಚ್ಚೋದು, ಬಿಡೋದು ನಿಮಗೆ ಬಿಟ್ಟದ್ದು. ಫಿಂಚ್ ಕೊಕ್ಕು ಅದನ್ನು ತೀರ್ಮಾನ ಮಾಡುವುದಿಲ್ಲ.

ಹಾಗಂತ ನಿರಾಳವಾಗಿ ಕೂತುಬಿಡಬೇಡಿ. ‘ನಮ್ಮ ಧರ್ಮಕ್ಕೂ ವಿಜ್ಞಾನಕ್ಕೂ ತಕರಾರೇ ಇಲ್ಲ’ ಅನ್ನುವವರ ಪತ್ರ ನಮಗೆ ರಾಶಿ ಬರುತ್ತವೆ. ತಕರಾರು ಇದೆ, ಬೇರೆ ಕಡೆ ಇದೆ. ಹುಟ್ಟಿನಿಂದಲೇ ಒಬ್ಬ ಮೇಲು, ಒಬ್ಬ ಕೀಳು ಅನ್ನುತ್ತೇವಲ್ಲ, ಅಲ್ಲಿ. ನಮ್ಮ ಮನುಷ್ಯ ಪ್ರಭೇದದವರು ಸುಮಾರು 3 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿದ್ದವರು. ಎಲ್ಲರಿಗೂ ಅದೇ ಮೂಲ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಹಾರ್ವರ್ಡ್‌ನ ವಿಜ್ಞಾನಿಗಳು ನಮ್ಮ ದೇಶದ ಹಲವಾರು ಸಮುದಾಯಗಳ ಡಿಎನ್‌ಎ ನೋಡಿ ಹೇಳಿದ್ದು ಇದು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಇಲ್ಲಿಯ ಜನ ಧಾರಾಳವಾಗಿ ಬೆರೆತಿದ್ದಾರೆ. ತಮ್ಮ ತಮ್ಮಲ್ಲೇ ಮದುವೆ ಅನ್ನುವ ಬೇಲಿ ಬಿದ್ದದ್ದು ಆಮೇಲೆ. ಸಮಾನತೆಗೆ ಡಿಎನ್‌ಎ ಸಾಕ್ಷಿ ಬೇಕಾಗಿಲ್ಲ, ಸಂವಿಧಾನ ಇದೆ. ಆದರೆ ‘ನಮ್ಮ ರಕ್ತವೇ ಬೇರೆ’ ಅನ್ನುವವರ ಬಾಯಿ ಇದರಿಂದ ಮುಚ್ಚುತ್ತದೆ. ಜಾತ್ರೆಯಲ್ಲಿ ಯಾರು ತೇರು ಎಳೆಯಬೇಕು, ಯಾರು ಹೊಸ್ತಿಲಾಚೆ ನಿಲ್ಲಬೇಕು ಅನ್ನುವ ಮಾತು ನಿಮ್ಮ ಸಮಿತಿಯಲ್ಲಿ ಬಂದರೆ, ಆಗ ಈ ಪುಸ್ತಕಗಳು ಉಪಯೋಗಕ್ಕೆ ಬರುತ್ತವೆ. ನಾಲ್ಕು ಪುಟದಲ್ಲಿ ನೀವು ಕೇಳದೇ ಬಿಟ್ಟ ಪ್ರಶ್ನೆ ಇದೇ.

ಕೇಳೋಕೆ ಅಂಜಬೇಡಿ. ನಿಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅದೂ ಹೆಸರು ಹಾಕಿಕೊಂಡೇ!

ಮುಂದೇನು ಓದಲಿ ಅಂದಿದ್ದೀರಿ. ಕನ್ನಡದಲ್ಲೇ ಬೇಕಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ತೆಗೆದುಕೊಳ್ಳಿ, ಮನುಷ್ಯನ ವಿಕಾಸದ ಬಗ್ಗೆ ಇದೆ, ಸಲೀಸಾಗಿ ಓದಿಸಿಕೊಳ್ಳುತ್ತದೆ. ಅದನ್ನು ಮುಗಿಸಿ, ಎರಡನೆಯ ಪುಸ್ತಕಕ್ಕೆ ಇನ್ನೊಂದು ಸಲ ಕೈ ಹಾಕಿ. ಸಾಕ್ಷ್ಯ ಎಲ್ಲಿ ಮುಗಿಯಿತು, ಲೇಖಕರ ಅಭಿಪ್ರಾಯ ಎಲ್ಲಿ ಶುರುವಾಯಿತು ಅಂತ ಅಂಚಿನಲ್ಲಿ ಗೆರೆ ಹಾಕುತ್ತಾ ಹೋಗಿ. ಆ ಪುಟಗಳ ಜೆರಾಕ್ಸ್ ನಮಗೂ ಒಂದು ಪ್ರತಿ ಕಳಿಸಿ. ನಾವು ಗೆರೆ ಎಳೆಯುವ ಜಾಗ ಬೇರೆ ಇದ್ದರೆ ಮುಂದಿನ ಸಂಚಿಕೆಯಲ್ಲಿ ಜಗಳ ಆಡೋಣ.

– ಸಂಪಾದಕ