ಬ್ಯಾಂಕಾಕ್ ಆಫೀಸಿನಲ್ಲಿ ಇಂಗ್ಲಿಷ್ ವಿನಯ ನಡೆಯುತ್ತಾ?

ಬ್ಯಾಂಕಾಕಿಗೆ ಕೆಲಸಕ್ಕೆ ಹೋಗುತ್ತಿದ್ದೀರಿ. ಇಂಗ್ಲಿಷಿನ ‘ಮಾಡೆಸ್ಟಿ’ಗೆ ಥಾಯ್‌ನಲ್ಲಿ ಏನನ್ನುತ್ತಾರೆ, ನಮ್ಮವರು ಹೇಗೂ ವಿನಯವಂತರು, ಅಷ್ಟೇ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ನಾನೂ ಇದೇ ಧೈರ್ಯದಲ್ಲಿ ಹೋದವನು.

ಬ್ಯಾಂಕಾಕಿಗೆ ಅಂಟಿಕೊಂಡೇ ಇರುವ ಸಮುತ್ ಪ್ರಾಕಾನ್ ಅನ್ನೋ ಫ್ಯಾಕ್ಟರಿಗಳ ಊರಲ್ಲಿ, ಒಂದು ಗೋದಾಮಿನ ಸ್ಟಾಕ್ ಲೆಕ್ಕ ನೋಡುವ ಕೆಲಸ. ಕಾಂಟ್ರಾಕ್ಟ್ ಮೇಲೆ. ನನಗಿಂತ ಹಿರಿಯರಾದ ಒಬ್ಬ ಹೆಂಗಸು ಆ ವಿಭಾಗ ನಡೆಸುತ್ತಿದ್ದರು. ಎಲ್ಲರೂ ಅವರನ್ನು ‘ಪೀ’ ಅನ್ನುತ್ತಿದ್ದರು. ನಮ್ಮಲ್ಲಿ ಅಕ್ಕ ಅಂದ ಹಾಗೆ, ಆದರೆ ಅಲ್ಲಿ ಅಣ್ಣನಿಗೂ ಅದೇ. ಪ್ರತಿ ತಿಂಗಳ ಕೊನೆಗೆ ಕಂಪ್ಯೂಟರಿನ ಲೆಕ್ಕಕ್ಕೂ ರ್ಯಾಕಿನಲ್ಲಿದ್ದ ಸರಕಿಗೂ ತಾಳೆ ಆಗುತ್ತಿರಲಿಲ್ಲ. ಕೆಲವು ಪಾರ್ಟ್‌ಗಳು ಎರಡೆರಡು ಕೋಡಿನಲ್ಲಿ ದಾಖಲಾಗುತ್ತವೆ ಅಂತ ನನಗೆ ಹೇಳಿದ್ದೇ ಪೀ. ಅದನ್ನು ಹಿಡಿದುಕೊಂಡು ನಾನೊಂದು ಎಕ್ಸೆಲ್ ಶೀಟ್ ಮಾಡಿದೆ. ಲೆಕ್ಕ ಕೂತಿತು.

ಮೀಟಿಂಗಿನಲ್ಲಿ ದೊಡ್ಡ ಬಾಸ್ ಎಲ್ಲರೆದುರು ಹೊಗಳಿದರು. ನಾನು ನಾಚಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ: ‘ಇದೇನು ದೊಡ್ಡ ಕೆಲಸ ಅಲ್ಲ ಸರ್, ತುಂಬಾ ಸುಲಭ, ಯಾರು ಬೇಕಾದರೂ ಮಾಡಬಹುದಿತ್ತು.’

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಇಂಗ್ಲಿಷ್ ಆಫೀಸಿನಲ್ಲಿ ಇದು ಒಳ್ಳೆ ಹುಡುಗನ ಮಾತು. ಜಂಬ ಇಲ್ಲ, ಬೀಗಲಿಲ್ಲ. ಆದರೆ ಅಲ್ಲಿ ಕೂತಿದ್ದವರಿಗೆ ಕೇಳಿಸಿದ್ದು ಬೇರೆ. ಸುಲಭದ ಕೆಲಸ, ಆದರೂ ಪೀ ಇಷ್ಟು ವರ್ಷ ಮಾಡಲಿಲ್ಲ. ಯಾರು ಬೇಕಾದರೂ ಮಾಡಬಹುದಿತ್ತು, ಪೀ ಕೈಲಿ ಆಗಲಿಲ್ಲ. ಅದೂ ಅವರ ಬಾಸ್ ಎದುರು, ಅವರ ಕೈಕೆಳಗಿನ ಹುಡುಗರ ಎದುರು. ಎರಡು ಕೋಡಿನ ಸುಳಿವು ಕೊಟ್ಟವರು ಅವರೇ ಅನ್ನೋದನ್ನು ನಾನು ಹೇಳಲೇ ಇಲ್ಲ. ನನ್ನ ಕೆಲಸ ಚಿಕ್ಕದು ಅಂತ ಹೇಳೋ ಭರದಲ್ಲಿ ಅವರ ಪಾಲನ್ನೂ ಚಿಕ್ಕದು ಮಾಡಿಬಿಟ್ಟೆ. ಇದಕ್ಕೆ ಅಲ್ಲಿ ‘ಸಿಯಾ ನಾ’ ಅನ್ನುತ್ತಾರೆ. ಮುಖ ಹೋಗೋದು.

ಪೀ ನಕ್ಕರು. ಯಾರೂ ಏನೂ ಅನ್ನಲಿಲ್ಲ. ಅದಕ್ಕೇ ನನಗೆ ತಿಳಿಯಲಿಲ್ಲ. ಮೊದಲೆಲ್ಲ ಯಾವ ಲಾರಿ ತಡವಾಗುತ್ತೆ, ಯಾವ ಸರಕು ಪೋರ್ಟಿನಲ್ಲಿ ನಿಂತಿದೆ ಅಂತ ಅವರೇ ಲೈನ್ ಆ್ಯಪಿನಲ್ಲಿ ಮೆಸೇಜ್ ಹಾಕುತ್ತಿದ್ದರು. ಆಮೇಲೆ ಕೇಳಿದ್ದಕ್ಕೆ ಬರೀ ‘ಖಾ’, ಅಂದರೆ ಹ್ಞೂಂ. ಬೇಜಾರಾಗಿದೆಯಾ ಅಂದರೆ ‘ಮೈ ಪೆನ್ ರೈ’, ಏನಿಲ್ಲ ಬಿಡಿ. ಸುದ್ದಿ ಬರದೆ ನನ್ನ ರಿಪೋರ್ಟುಗಳು ಕೆಟ್ಟವು. ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಜೊತೆಯಲ್ಲಿ ಊಟ ಮಾಡುತ್ತಿದ್ದ ಥಾಯ್ ಹುಡುಗ, ನಾನು ಹೊರಡುವ ವಾರದಲ್ಲಿ ಬಾಯಿಬಿಟ್ಟ. ಮೊದಲೇ ಯಾಕೋ ಹೇಳಲಿಲ್ಲ ಅಂದೆ. ‘ಕ್ರೆಂಗ್ ಜೈ’ ಅಂದ. ನನಗೆ ಮುಜುಗರ ಆಗಬಾರದು ಅಂತ ಸುಮ್ಮನಿದ್ದನಂತೆ! ಕೋಪ ಬಂತು, ಆದರೆ ಅವನ ಪ್ರಕಾರ ಅದೇ ಸಭ್ಯತೆ.

ಹಾಗಾಗಿ ಡಿಕ್ಷನರಿಯ ಹಿಂದೆ ಬೀಳಬೇಡಿ. ‘ಥೊಮ್ ತುವಾ’ ಅನ್ನೋ ಪದ ಸಿಗುತ್ತೆ, ತನ್ನನ್ನು ತಗ್ಗಿಸಿಕೊಳ್ಳೋದು ಅಂತ ಅರ್ಥವೂ ಸಿಗುತ್ತೆ. ಅದನ್ನು ಕಲಿತಿದ್ದರೂ ನಾನು ಆ ಮಾತನ್ನೇ ಆಡುತ್ತಿದ್ದೆ. ಹೊಗಳಿದರೆ ‘ಖೊಪ್ ಖುನ್ ಖ್ರಾಪ್’, ಅಂದರೆ ಥ್ಯಾಂಕ್ಸ್, ಅಂತ ಕೈಮುಗಿಯಿರಿ, ಹಿರಿಯರಿಂದ ಕಲಿತದ್ದನ್ನು ಅವರ ಹೆಸರು ಹಿಡಿದು ಹೇಳಿ. ಕೆಲಸ ಸುಲಭವಿತ್ತು ಅಂತ ಮಾತ್ರ ಹೇಳಬೇಡಿ. ಕೂತಿರುವ ಹಿರಿಯರ ಮುಂದೆ ದಾಟುವಾಗ ಸ್ವಲ್ಪ ಬಾಗಿ ಹೋಗಿ.

ವಿನಯ ಜಾಸ್ತಿ ಆದರೂ ಕಷ್ಟವೇ. ನಾನು ಶುರುವಿನಲ್ಲಿ ಆಫೀಸಿನ ಚಿಕ್ಕ ಹುಡುಗರಿಗೂ ನಾನೇ ಮೊದಲು ‘ವಾಯ್’, ಅಂದರೆ ಕೈಮುಗಿದು ನಮಸ್ಕಾರ, ಮಾಡುತ್ತಿದ್ದೆ. ಪಾಪ, ಅವರಿಗೆ ಎಲ್ಲಿ ಅಡಗಿಕೊಳ್ಳೋಣ ಅನ್ನಿಸುತ್ತಿತ್ತು. ಮೊದಲು ಕೈಮುಗಿಯಬೇಕಾದವರು ಚಿಕ್ಕವರು.

ಇನ್ನು ಹೆಂಡತಿ ಸ್ಲೀವ್‌ಲೆಸ್ ಹಾಕಬಹುದಾ ಅಂತ ಕೇಳಿದ್ದೀರಿ. ಮಾಲ್, ಮಾರ್ಕೆಟ್ಟಿನಲ್ಲಿ ಯಾರೂ ತಿರುಗಿಯೂ ನೋಡಲ್ಲ. ವಾಟ್, ಅಂದರೆ ಬೌದ್ಧ ದೇವಾಲಯಕ್ಕೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ. ಗ್ರ್ಯಾಂಡ್ ಪ್ಯಾಲೇಸಿನಲ್ಲಂತೂ ಬಾಗಿಲಲ್ಲೇ ನೋಡುತ್ತಾರೆ. ಹೆಂಡತಿಯ ಬಟ್ಟೆಯ ಬಗ್ಗೆ ಮಾತ್ರ ಕೇಳಿದ್ದೀರಿ, ಶಾರ್ಟ್ಸ್ ಹಾಕಿಕೊಂಡು ಹೋದರೆ ನಿಮ್ಮನ್ನೂ ಒಳಗೆ ಬಿಡಲ್ಲ.